ಫೋಮ್, ಏರ್ ಬೆಡ್, ವಾಟರ್ ಬೆಡ್: ಬೆಡ್ ಸೋರ್ ತಡೆಯಲು ವಾರ್ಡಿನಲ್ಲಿ ಹಾಕಿ ನೋಡಿದ ಹೋಲಿಕೆ

ದಾವಣಗೆರೆಯ ಧರ್ಮಾರ್ಥ ಆಸ್ಪತ್ರೆಗಳ ವಾರ್ಡಿಗೆ ಬಂದು ಹಾಸಿಗೆ ಹಿಡಿಯುವವರಲ್ಲಿ ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರಿದ್ದಾರೆ, ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದವರಿದ್ದಾರೆ, ಲಕ್ವ ಹೊಡೆದ ಹಿರಿಯರಿದ್ದಾರೆ. ಬಂದ ಕಾಯಿಲೆ ಬೇರೆ ಬೇರೆ. ಆದರೆ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಾಗದಿದ್ದರೆ ಎಲ್ಲರಿಗೂ ಬರುವುದು ಒಂದೇ: ಬೆಡ್ ಸೋರ್. ಕೆಲವೇ ತಾಸಿನಲ್ಲಿ ಬಾಲಮೂಳೆಯ ಮೇಲಿನ ಚರ್ಮ ಕೆಂಪಾಗುತ್ತದೆ. ಅಲ್ಲಿಗೇ ತಡೆದರೆ ಒಂದೆರಡು ದಿನದ ಮಾತು. ಬಿಟ್ಟರೆ ಮೂಳೆಯವರೆಗೆ ಹುಣ್ಣು ಇಳಿದು, ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ದಾನಿಗಳು ಬಂದು "ವಾರ್ಡಿಗೆ ಏನು ಕೊಡಿಸಲಿ?" ಎಂದು ಕೇಳಿದರೆ ಮೊದಲು ಬಾಯಿಗೆ ಬರುವ ಹೆಸರು ಏರ್ ಬೆಡ್. ಕೆಲವು ಮನೆಯವರು ತಾವೇ ವಾಟರ್ ಬೆಡ್ ಕೊಂಡು ತರುತ್ತಾರೆ. ಮೂರನ್ನೂ ವಾರ್ಡಿನಲ್ಲಿ ಹಾಕಿ, ತೊಳೆದು, ರಿಪೇರಿ ಮಾಡಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಹೀಗಿದೆ: ಕೈಯಲ್ಲಿರುವ ಮೊದಲ ದುಡ್ಡು ಒಳ್ಳೆಯ ಫೋಮ್ ಹಾಸಿಗೆಗೆ ಹೋಗಲಿ, ಎರಡನೆಯದು ಕೆಲವೇ ಏರ್ ಬೆಡ್‌ಗಳಿಗೆ. ವಾಟರ್ ಬೆಡ್ ಇಡೀ ವಾರ್ಡಿಗೆ ಒಂದಿದ್ದರೆ ಸಾಕು.

ಯಾವ ಹಾಸಿಗೆ ಹಾಕುವ ಮೊದಲೂ ರೋಗಿಯನ್ನು ಅಳೆಯಬೇಕು. ಅದಕ್ಕೆ ಬ್ರೇಡನ್ ಸ್ಕೇಲ್ ಸಾಕು. ಸ್ಪರ್ಶದ ಅರಿವು, ಒದ್ದೆ, ಓಡಾಟ, ಹೊರಳುವ ಶಕ್ತಿ, ಊಟ, ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಡುತ್ತಾರೆ. ಒಟ್ಟು 6ರಿಂದ 23. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದು ಅರ್ಥ. ಜೊತೆಗೆ ದಿನಕ್ಕೆ ಎರಡು ಸಲವಾದರೂ ಬಾಲಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಹರಡು, ಮೊಣಕೈ, ತಲೆಯ ಹಿಂಭಾಗ ನೋಡಲೇಬೇಕು. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದಾಗಲೂ ಕೆಂಪು ಹಾಗೇ ಉಳಿದರೆ ಮೊದಲ ಹಂತದ ಹುಣ್ಣು ಶುರುವಾಗಿದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದು. ಅಂಗೈಯ ಹಿಂಭಾಗ ಇಟ್ಟು ಬಿಸಿ ಇದೆಯೇ, ಪಕ್ಕದ ಚರ್ಮಕ್ಕಿಂತ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಫೋಮ್ ಹಾಸಿಗೆ

ಹಳೆಯ ವಾರ್ಡುಗಳಲ್ಲಿ ಇರುವುದು ರೆಕ್ಸಿನ್ ಹೊದಿಸಿದ ತೆಂಗಿನ ನಾರಿನ ಹಾಸಿಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಸೊಂಟ ಬರುವ ಜಾಗದಲ್ಲಿ ಗುಂಡಿ ಬಿದ್ದಿರುತ್ತದೆ. ಅದರ ಬದಲು 5ರಿಂದ 6 ಇಂಚು ದಪ್ಪದ, 40 ಡೆನ್ಸಿಟಿಯ (ಒಂದು ಘನ ಮೀಟರಿಗೆ 40 ಕಿಲೋ ತೂಗುವ) ಫೋಮ್ ತೆಗೆದುಕೊಳ್ಳಿ. ಮೇಲಿನ ಪದರ ಮೆತ್ತಗಿದ್ದರೆ ಇನ್ನೂ ಒಳ್ಳೆಯದು. ಕವರ್ ಹಿಗ್ಗುವಂಥದ್ದಾಗಿರಬೇಕು, ಜಿಪ್ ಇರಬೇಕು. ಹಿಗ್ಗದ ರೆಕ್ಸಿನ್ ಬಿಗಿದುಕೊಂಡರೆ ಒಳಗೆ ಎಂಥ ಫೋಮ್ ಇದ್ದರೂ ಮೈ ಒಳಗಿಳಿಯುವುದಿಲ್ಲ, ಹಲಗೆಯ ಮೇಲೆ ಮಲಗಿದಂತೆಯೇ ಆಗುತ್ತದೆ.

ಹಾಸಿಗೆ ಸತ್ತಿದೆಯೇ ಎಂದು ತಿಳಿಯಲು ಎರಡೂ ಕೈ ಬೆರಳು ಹೆಣೆದು ಮುಷ್ಟಿ ಮಾಡಿ, ಮೈಭಾರ ಹಾಕಿ ನಡುವೆ ಒತ್ತಿ. ಕೆಳಗಿನ ಮಂಚದ ತಗಡು ಕೈಗೆ ತಾಗಿದರೆ ಆ ಹಾಸಿಗೆ ಬದಲಿಸುವ ಹೊತ್ತು ಬಂದಿದೆ. ಜಿಪ್ ತೆಗೆದು ಒಳಗೆ ಕಲೆ ಇದೆಯೇ ನೋಡಿ. ಕಲೆ ಇದ್ದರೆ ಕವರ್ ಎಲ್ಲೋ ತೂತಾಗಿ ಮೂತ್ರ ಇಳಿದಿದೆ. ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿದರೆ ಗುಂಡಿ ಬೀಳುವುದು ನಿಧಾನವಾಗುತ್ತದೆ.

ಫೋಮ್ ತಾನಾಗಿ ಏನೂ ಮಾಡುವುದಿಲ್ಲ, ಮಗ್ಗುಲು ಬದಲಿಸುವ ಕೈಗಳಿಗೆ ಅದು ಸ್ವಲ್ಪ ಕಾಲಾವಕಾಶ ಕೊಡುತ್ತದೆ. ಎಡ, ಅಂಗಾತ, ಬಲ ಎಂದು ಸರದಿ. ಪೂರ್ತಿ ಪಕ್ಕಕ್ಕೆ ಮಲಗಿಸಬಾರದು. 90 ಡಿಗ್ರಿಯಲ್ಲಿ ಇಡೀ ಭಾರ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ಒಂದು ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸೊಂಟದ ಮೂಳೆಯೂ ಬಾಲಮೂಳೆಯೂ ಹಾಸಿಗೆಗೆ ತಾಗದೆ, ಭಾರ ನಿತಂಬದ ಮಾಂಸದ ಮೇಲೆ ನಿಲ್ಲುತ್ತದೆ. ಅಂಗೈಯನ್ನು ಬಾಲಮೂಳೆಯ ಕೆಳಗೆ ತೂರಿಸಿದಾಗ ಸರಾಗವಾಗಿ ಹೋದರೆ ಸರಿಯಾಗಿದೆ. ಎರಡು ಮೊಣಕಾಲಿನ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಅಂದರೆ ಒಬ್ಬರಿಗೆ ಕನಿಷ್ಠ ಮೂರು ದಿಂಬು ಬೇಕು. ದಿಂಬಿಲ್ಲವೆಂದು ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗಿಡುವುದು, ಬಟ್ಟೆಯ ಸಿಂಬಿ ಮಾಡಿ ಕೂರಿಸುವುದು ಎರಡೂ ತಪ್ಪು. ಸಿಂಬಿಯ ಅಂಚು ಸುತ್ತಲಿನ ರಕ್ತ ತಡೆದು ನಡುವಿನ ಚರ್ಮವನ್ನೇ ಸಾಯಿಸುತ್ತದೆ. ಕೆಂಪಾದ ಕಡೆ ಸ್ಪಿರಿಟ್ ಹಚ್ಚಿ ತಿಕ್ಕುವ ಹಳೆಯ ಪದ್ಧತಿಯನ್ನೂ ಬಿಡಬೇಕು. ತಿಕ್ಕಿದರೆ ಒಳಗಿನ ಮಾಂಸಕ್ಕೆ ಪೆಟ್ಟು, ಸ್ಪಿರಿಟ್ ಚರ್ಮ ಒಣಗಿಸುತ್ತದೆ.

ತಲೆ ಕಡೆ 30 ಡಿಗ್ರಿಗಿಂತ ಎತ್ತಬೇಡಿ, ಊಟದ ಹೊತ್ತು ಬಿಟ್ಟು. ಎತ್ತರ ಹೆಚ್ಚಾದರೆ ರೋಗಿ ಕೆಳಕ್ಕೆ ಜಾರುತ್ತಾರೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಮೂಳೆ ಮಾತ್ರ ಮುಂದೆ ಸರಿಯುತ್ತದೆ, ನಡುವಿನ ರಕ್ತನಾಳ ಎಳೆದು ಹಿಂಡಿದಂತಾಗುತ್ತದೆ.

ರಾತ್ರಿ ಪಾಳಿಯ ಲೆಕ್ಕ

ಎರಡು ತಾಸಿಗೊಮ್ಮೆ ಹೊರಳಿಸುವ ಪದ್ಧತಿ 1944ರಲ್ಲಿ ಶುರುವಾದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಬೆನ್ನುಮೂಳೆ ವಿಭಾಗದಲ್ಲಿ ನೆಲೆಯೂರಿದ್ದು. ನಿಯಮ ಸರಿಯೇ, ಆದರೆ ಅದನ್ನು ಪಾಲಿಸುವ ಕೈಗಳ ಲೆಕ್ಕವನ್ನೂ ಇಡಬೇಕು. ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿ, ಹೊರಳಲಾಗದ ಆರು ಮಂದಿ, ಒಬ್ಬ ಸಿಸ್ಟರ್, ಒಬ್ಬ ಆಯಾ ಎಂದುಕೊಳ್ಳಿ. ಎರಡು ತಾಸಿಗೊಮ್ಮೆ ಎಂದರೆ 36 ಸಲ. ಒಂದು ಸಲಕ್ಕೆ ಇಬ್ಬರ ಐದು ನಿಮಿಷ ಎಂದರೂ ಮೂರು ತಾಸು ಇಬ್ಬರೂ ಅದೇ ಕೆಲಸದಲ್ಲಿ. ಆ ಹೊತ್ತಿನಲ್ಲಿ ಇಂಜೆಕ್ಷನ್ ಇದೆ, ಡ್ರಿಪ್ ಇದೆ, ಹೊಸ ಅಡ್ಮಿಷನ್ ಇದೆ. ಹೀಗಾಗಿ ನಸುಕಿನ 2 ಗಂಟೆಯ ಮತ್ತು 4 ಗಂಟೆಯ ಸರದಿ ತಪ್ಪುತ್ತದೆ. ಹುಣ್ಣು ಶುರುವಾಗುವುದೂ ಆಗಲೇ.

ಒಳ್ಳೆಯ ಫೋಮ್ ನೆರವಾಗುವುದು ಇಲ್ಲಿ. 2013ರಲ್ಲಿ ಪ್ರಕಟವಾದ ಟರ್ನ್ ಎಂಬ ಅಧ್ಯಯನ ಅಮೆರಿಕ, ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆಯಿತು. ಹೈ ಡೆನ್ಸಿಟಿ ಫೋಮ್ ಮೇಲೆ ಮಲಗಿದವರನ್ನು 2, 3 ಮತ್ತು 4 ತಾಸಿಗೊಮ್ಮೆ ಹೊರಳಿಸಿದಾಗ ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದನ್ನು ಕಣ್ಣು ಮುಚ್ಚಿ ಎಲ್ಲರಿಗೂ ಅನ್ವಯಿಸಬಾರದು. ಸ್ಪರ್ಶ ಇಲ್ಲದ ಬೆನ್ನುಮೂಳೆಯ ರೋಗಿಗೆ, ಈಗಾಗಲೇ ಕೆಂಪು ಕಂಡವರಿಗೆ ಎರಡೇ ತಾಸು. ಉಳಿದವರಿಗೆ ಚರ್ಮ ಚೆನ್ನಾಗಿದ್ದರೆ ರಾತ್ರಿ ನಾಲ್ಕು ತಾಸು ಕೊಡಬಹುದು. ಆರರಲ್ಲಿ ನಾಲ್ವರು ಹೀಗಾದರೆ 36 ಸಲ ಇದ್ದದ್ದು 24ಕ್ಕೆ ಇಳಿಯುತ್ತದೆ. ಸಿಸ್ಟರ್‌ಗೆ ಒಂದು ತಾಸು ಉಳಿಯಿತು, ರೋಗಿಗೆ ನಿದ್ದೆ ಸಿಕ್ಕಿತು. "ಎಬ್ಬಿಸ್‌ಬ್ಯಾಡ್ರಿ ಸಿಸ್ಟರ್, ಈಗಷ್ಟೇ ಕಣ್ಣು ಹತ್ತೇತಿ" ಎಂದು ಜೊತೆಗಿರುವವರು ಅಂಗಲಾಚುವುದರಲ್ಲಿ ನ್ಯಾಯವಿದೆ.

ಇನ್ನು ಸಿಬ್ಬಂದಿಯ ಸೊಂಟ. ಹಳೆಯ ಮಂಚಗಳ ಎತ್ತರ ಬದಲಾಗದು. ಬಗ್ಗಿ ಎತ್ತಿದರೆ ಕೆಲವೇ ವರ್ಷದಲ್ಲಿ ಸೊಂಟ ಹಿಡಿಯುತ್ತದೆ, ಅನುಭವಿ ಸಿಸ್ಟರ್‌ಗಳು ವಾರ್ಡು ಬಿಟ್ಟು ಹೋಗಲು ಇದೂ ಒಂದು ಕಾರಣ. ನಡುವೆ ಗುಳಿ ಇರುವ ಮರದ ದಿಮ್ಮಿಗಳನ್ನು ನಾಲ್ಕೂ ಕಾಲಿಗೆ ಕೊಟ್ಟು ಮಂಚವನ್ನು ಸೊಂಟದ ಮಟ್ಟಕ್ಕೆ ತರಬಹುದು. ಎದ್ದು ಓಡಾಡುವ ರೋಗಿಗೆ ಮಾತ್ರ ಇದು ಬೇಡ, ಬೀಳುತ್ತಾರೆ. ಡ್ರಾ ಶೀಟ್, ಅಂದರೆ ರೋಗಿಯನ್ನು ಸರಿಸಲು ಮೈಕೆಳಗೆ ಅಡ್ಡಕ್ಕೆ ಹಾಸುವ ಬಟ್ಟೆ, ಹೆಗಲಿನಿಂದ ತೊಡೆಯವರೆಗೆ ಬರಬೇಕು. ಎರಡೂ ಬದಿಯವರು ಅಂಚನ್ನು ರೋಗಿಯ ಮೈಗೆ ತಾಗುವಷ್ಟು ಸುತ್ತಿ ಹಿಡಿದು, "ಒಂದು, ಎರಡು, ಮೂರು" ಎಂದು ಒಟ್ಟಿಗೆ ಸರಿಸಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಲಕ್ವ ಹೊಡೆದವರ ಭುಜದ ಕೀಲು ಜಾರುತ್ತದೆ, ಬೆನ್ನಿನ ಚರ್ಮವೂ ಕಿತ್ತುಬರುತ್ತದೆ. ಪಾಳಿ ಬದಲಾಗುವಾಗ "ಎಲ್ಲಾ ಚೆನ್ನಾಗಿದ್ದಾರೆ" ಎಂದು ಬಾಯಲ್ಲಿ ಹೇಳಿದರೆ ಸಾಲದು. ಮಂಚದ ತುದಿಯ ಚಾರ್ಟಿನಲ್ಲಿ ಗಂಟೆ, ಯಾವ ಮಗ್ಗುಲು, ಚರ್ಮ ಹೇಗಿತ್ತು ಎಂದು ಬರೆದಿರಬೇಕು.

ಏರ್ ಬೆಡ್

ಬೆಲೆ ಕೆಲವು ಸಾವಿರ ರೂಪಾಯಿ. ಗುಳ್ಳೆಗುಳ್ಳೆಯಾಗಿರುವ ಪ್ಲಾಸ್ಟಿಕ್ ಹಾಳೆ, ಎರಡು ಪೈಪು, ಒಂದು ಪಂಪು. ಒಂದು ಸಾಲಿನ ಗುಳ್ಳೆ ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಸುಮಾರು 10 ನಿಮಿಷಕ್ಕೊಮ್ಮೆ ಅದಲುಬದಲು. ಪಂಪು 10 ವ್ಯಾಟ್ ಎಂದರೂ ತಿಂಗಳಿಗೆ ಏಳೆಂಟು ಯೂನಿಟ್ ದಾಟುವುದಿಲ್ಲ, ಕರೆಂಟ್ ಬಿಲ್ಲಿನ ಚಿಂತೆ ಬೇಡ.

ಹಾಕುವಾಗ ಆಗುವ ತಪ್ಪುಗಳೇ ಹೆಚ್ಚು. ಗುಳ್ಳೆಗಳು ಮೇಲೆ ಬರಬೇಕು, ಪೈಪು ಕಾಲ ಕಡೆ. ಪಂಪನ್ನು ಕಾಲ ಕಡೆಯ ಕಂಬಿಗೆ ನೇತುಹಾಕಬೇಕು. ನೆಲಕ್ಕಿಟ್ಟರೆ ಒರೆಸುವಾಗ ನೀರು ಹೋಗುತ್ತದೆ, ಧೂಳು ಫಿಲ್ಟರಿಗೆ ಕಟ್ಟುತ್ತದೆ. ಏರ್ ಬೆಡ್ಡನ್ನು ಬರಿ ಮಂಚದ ಮೇಲೆ ಹಾಕಲೇಬಾರದು, ಕೆಳಗೆ ಹಾಸಿಗೆ ಇರಬೇಕು. ಮೊದಲು ಪಂಪಿನ ಮೇಲಿನ ಒತ್ತಡದ ತಿರುಪನ್ನು ಪೂರ್ತಿ ಇಟ್ಟು ಅರ್ಧ ತಾಸು ಗಾಳಿ ತುಂಬಲು ಬಿಡಿ, ರೋಗಿಯನ್ನು ಮಲಗಿಸಿದ ಮೇಲೆ ತೂಕಕ್ಕೆ ತಕ್ಕಂತೆ ಇಳಿಸಿ. 45 ಕಿಲೋ ತೂಕದ ಅಜ್ಜಿಗೆ ತಿರುಪು ಕೊನೆಯಲ್ಲಿದ್ದರೆ ಗುಳ್ಳೆಗಳು ಕಲ್ಲಿನಂತಾಗುತ್ತವೆ. ಮೇಲೆ ಸಡಿಲವಾದ ಒಂದೇ ಹತ್ತಿ ಬೆಡ್‌ಶೀಟ್. ಅದರ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಮಡಿಸಿದ ಕಂಬಳಿ ಹಾಕಿದರೆ ದುಡ್ಡು ಕೊಟ್ಟು ತಂದ ಗುಳ್ಳೆಗಳ ಕೆಲಸ ಅಲ್ಲಿಗೇ ನಿಂತಿತು.

ಪರೀಕ್ಷೆ ಸುಲಭ. ಏರ್ ಬೆಡ್ಡಿಗೂ ಕೆಳಗಿನ ಹಾಸಿಗೆಗೂ ನಡುವೆ, ರೋಗಿಯ ಬಾಲಮೂಳೆಯ ನೇರಕ್ಕೆ, ಅಂಗೈ ಮೇಲೆ ಮಾಡಿ ಕೈ ತೂರಿಸಿ. ಕೈಗೂ ಮೂಳೆಗೂ ನಡುವೆ ಒಂದು ಇಂಚಾದರೂ ಗಾಳಿ ಇರಬೇಕು. ಮೂಳೆ ನೇರ ಕೈಗೆ ಸಿಕ್ಕರೆ ಬೆಡ್ ತಳ ಹಿಡಿದಿದೆ. ಇನ್ನೊಂದು, ಪಂಪು ಗುಂಯ್‌ಗುಟ್ಟುತ್ತಿದೆ ಎಂದು ನಂಬಿ ಹೋಗಬೇಡಿ. ಬದಿಯಲ್ಲಿ ಉಬ್ಬಿರುವ ಒಂದು ಗುಳ್ಳೆಯ ಮೇಲೆ ಬೆರಳಿಟ್ಟು ಗುರುತು ಮಾಡಿ, ಕಾಲು ತಾಸು ಬಿಟ್ಟು ಮತ್ತೆ ನೋಡಿ. ಅದೇ ಗುಳ್ಳೆ ಉಬ್ಬಿಯೇ ಇದ್ದರೆ ಒಳಗಿನ ವಾಲ್ವ್ ನಿಂತಿದೆ, ಅದಲುಬದಲು ಆಗುತ್ತಿಲ್ಲ. ಎರಡೂ ಸಾಲು ಮೆತ್ತಗಿದ್ದರೆ ಒಂದೋ ಪೈಪು ಕಂಬಿಗೆ ಸಿಕ್ಕಿ ಮಡಚಿದೆ, ಇಲ್ಲವೇ ಪಂಪಿನ ರಬ್ಬರ್ ಹರಿದಿದೆ, ಇಲ್ಲವೇ ತೂತು. ತೂತಿಗೆ ಕಾರಣ ಬಹುತೇಕ ನಾವೇ: ಹಾಸಿಗೆಯ ಮೇಲೆ ಮರೆತ ಸೂಜಿ, ಬೆಡ್‌ಶೀಟಿಗೆ ಚುಚ್ಚಿದ ಪಿನ್ನು. ಸೋಪಿನ ನೀರು ಸವರಿದರೆ ನೊರೆ ಏಳುವ ಜಾಗವೇ ತೂತು. ಒರೆಸಿ ಒಣಗಿಸಿ, ಜೊತೆಗೆ ಬಂದ ಪ್ಯಾಚ್ ಅಂಟಿಸಿ, ಇಡೀ ರಾತ್ರಿ ಭಾರ ಹಾಕದೆ ಬಿಡಿ.

ಕರೆಂಟ್ ಹೋದರೆ ಎರಡೂ ಪೈಪನ್ನು ಮಡಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆದರೆ ಆಗ ಉಬ್ಬಿದ ಸಾಲು ಉಬ್ಬಿಯೇ ಇರುತ್ತದೆ, ಹೊರಳಿಸುವ ಕೆಲಸ ಕೈಗೇ ಬರುತ್ತದೆ. ಯುಪಿಎಸ್ ಲೈನಿನ ಪ್ಲಗ್ಗಿಗೆ ಹಾಕಿದ್ದರೆ ಇದೆಲ್ಲ ಇಲ್ಲ. ಹೃದಯ ನಿಂತು ಎದೆ ಒತ್ತಬೇಕಾಗಿ ಬಂದರೆ ಮೊದಲು ಪೈಪು ಕಿತ್ತು ಗಾಳಿ ಬಿಡಿ, ಬೆನ್ನಿನಡಿ ಹಲಗೆ ಕೊಡಿ.

ಏರ್ ಬೆಡ್ ಬಂದ ಮೇಲೆ ಸಿಬ್ಬಂದಿ ಹೊರಳಿಸುವುದನ್ನು ಸಡಿಲಿಸುವುದು ದೊಡ್ಡ ಅಪಾಯ. ಹಿಮ್ಮಡಿಗೆ ಈ ಬೆಡ್ ಅಷ್ಟಾಗಿ ನೆರವಾಗದು, ದಿಂಬು ಬೇಕೇ ಬೇಕು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೆಷರ್-2 ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಗಾಳಿ ಅದಲುಬದಲಾಗುವ ಹಾಸಿಗೆಗೂ ಉತ್ತಮ ಫೋಮಿಗೂ ನಡುವೆ ಕಂಡ ಅಂತರ ಚಿಕ್ಕದು. ಅದಕ್ಕೇ ನಾವು ಇದನ್ನು ಸೊಂಟದ ಎಲುಬು ಮುರಿದು ಹೊರಳಿಸಲು ನೋವಾಗುವವರಿಗೆ, ಎರಡು ಮಗ್ಗುಲಲ್ಲೂ ಹುಣ್ಣಾಗಿ ಮಲಗಲು ಜಾಗವೇ ಇಲ್ಲದವರಿಗೆ ಮೀಸಲಿಡುತ್ತೇವೆ. ಬೆನ್ನುಮೂಳೆ ಮುರಿದು ಇನ್ನೂ ಸ್ಥಿರವಾಗದವರಿಗೆ ಡಾಕ್ಟರನ್ನು ಕೇಳದೆ ಹಾಕಬಾರದು.

ವಾಟರ್ ಬೆಡ್

ಕರೆಂಟ್ ಬೇಡ, ಸದ್ದಿಲ್ಲ. ಕ್ಯಾನ್ಸರ್ ಮೂಳೆಗಿಳಿದು ಮುಟ್ಟಿದರೆ ನೋವು ಎನ್ನುವವರು ಬೇಸಿಗೆಯಲ್ಲಿ ಇದರ ಮೇಲೆ ನಿದ್ದೆ ಮಾಡಿದ್ದನ್ನು ನೋಡಿದ್ದೇವೆ. ಒಂದು ಇಟ್ಟುಕೊಳ್ಳಬೇಕು ಎನ್ನುವುದು ಅದಕ್ಕೇ.

ಉಳಿದದ್ದೆಲ್ಲ ತೊಡಕು. 6 ಅಡಿಗೆ 3 ಅಡಿ ಬೆಡ್ಡಿಗೆ ಎರಡು ಇಂಚು ನೀರು ನಿಲ್ಲಬೇಕೆಂದರೆ 80 ಲೀಟರಿಗೂ ಹೆಚ್ಚು ಬೇಕು, ಅಂದರೆ ಮಂಚದ ಮೇಲೆ ಇನ್ನೊಬ್ಬ ಮನುಷ್ಯ ಮಲಗಿದಷ್ಟು ಭಾರ. ತುಂಬಿದ ಮೇಲೆ ಸರಿಸಲಾಗದು, ಆದ್ದರಿಂದ ಮಂಚಕ್ಕೆ ಹಾಸಿಯೇ ತುಂಬಬೇಕು. ಒಳಗಿನ ಗಾಳಿಯನ್ನು ಅಂಗೈಯಿಂದ ಬಾಯಿಯ ಕಡೆಗೆ ತಳ್ಳಿ ತೆಗೆಯಬೇಕು. ಅತಿಯಾದರೆ ತಮಟೆಯಂತೆ ಬಿಗಿಯುತ್ತದೆ, ಕಡಿಮೆಯಾದರೆ ಸೊಂಟ ತಳ ಮುಟ್ಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಆ ನೀರು ಮೈಶಾಖವನ್ನು ಹೀರುತ್ತದೆ, ವಯಸ್ಸಾದವರು ನಡುಗುತ್ತಾರೆ. ಏಪ್ರಿಲ್ ಮಧ್ಯಾಹ್ನ ಇದಕ್ಕೆ ತಿರುವು: ತಾರಸಿಯ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಸೊಂಟದ ಕೆಳಗೆ ಸ್ಪರ್ಶವಿಲ್ಲದವರನ್ನು ಅದರ ಮೇಲೆ ಮಲಗಿಸಿದರೆ ಬೊಬ್ಬೆ ಎದ್ದದ್ದೂ ಅವರಿಗೆ ತಿಳಿಯದು. ಮುಂಗೈಯ ಒಳಭಾಗಕ್ಕೆ ಹಾಕಿ ಉಗುರುಬೆಚ್ಚಗಿದೆ ಎಂದು ಖಚಿತವಾದ ಮೇಲೆಯೇ ತುಂಬಿ.

ಹೊರಳಿಸುವವರ ಕೈ ನೀರಿನಲ್ಲಿ ಮುಳುಗುವುದರಿಂದ ಫೋಮಿನಲ್ಲಿ ಇಬ್ಬರು ಮಾಡುವ ಕೆಲಸಕ್ಕೆ ಇಲ್ಲಿ ಮೂವರು ಬೇಕು. ತಾನಾಗಿ ಹೊರಳಲು ಯತ್ನಿಸುತ್ತಿದ್ದ ರೋಗಿಯೂ ಆಧಾರ ಸಿಗದೆ ಕೈಬಿಡುತ್ತಾನೆ. ಪ್ಲಾಸ್ಟಿಕ್ಕಿಗೆ ಬೆವರು ಕಟ್ಟಿ ಚರ್ಮ ಒದ್ದೆಯಾಗುತ್ತದೆ.

ಮೂರಕ್ಕೂ ಒಂದೇ ಮಾತು

ಹಾಸಿಗೆ ಯಾವುದೇ ಆಗಲಿ, ಮೈಕೆಳಗೆ ಒದ್ದೆಯೂ ಇರಬಾರದು, ತಿಂಡಿಯ ಚೂರೂ ಇರಬಾರದು. ದಾವಣಗೆರೆಯಲ್ಲಿ ರೋಗಿ ನೋಡಲು ಬಂದವರು ಮಂಡಕ್ಕಿ ಮೆಣಸಿನಕಾಯಿ ತರದೆ ಇರುವುದಿಲ್ಲ. ಬೆಡ್‌ಶೀಟಿನ ಮೇಲೆ ಬಿದ್ದ ಒಂದು ಖಾರಸೇವಿನ ಚೂರು ಬೆನ್ನಿನಡಿ ಸೇರಿದರೆ, ಬೆಳಗಾಗುವಷ್ಟರಲ್ಲಿ ಅಷ್ಟೇ ಗಾತ್ರದ ಕೆಂಪು ಗುರುತು ಮೂಡಿರುತ್ತದೆ. ಪ್ರತಿ ಸಲ ಹೊರಳಿಸಿದಾಗಲೂ ಕೈಯಿಂದ ಶೀಟ್ ಸವರಿ ನಿರಿಗೆ ಎಳೆಯಬೇಕು. ಊಟದ ವಿಷಯದಲ್ಲಿ, ಅಪಾಯದಲ್ಲಿರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 62ರಿಂದ 75 ಗ್ರಾಂ. ಗಂಜಿ, ಬ್ರೆಡ್ಡಿನಿಂದ ಅದು ಬರದು. ಎರಡು ಮೊಟ್ಟೆಯಿಂದ ಸುಮಾರು 12 ಗ್ರಾಂ ಸಿಗುತ್ತದೆ, ಉಳಿದದ್ದಕ್ಕೆ ಗಟ್ಟಿ ಬೇಳೆ, ಹಾಲು, ಮೊಸರು, ಶೇಂಗಾ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟೇ.

ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮೊದಲು ಯಾವ ಹಾಸಿಗೆಯನ್ನಾದರೂ ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಬ್ಲೀಚ್ ದ್ರಾವಣ ಹಚ್ಚಬೇಕು. ಶೇಕಡ 5ರ ಹೈಪೋಕ್ಲೋರೈಟ್ ಆದರೆ ಲೀಟರ್ ನೀರಿಗೆ 20 ಎಂಎಲ್. ಹತ್ತು ನಿಮಿಷ ಬಿಟ್ಟು ಬರಿ ನೀರಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಜಗಳೂರಿಗೋ ಮೊಳಕಾಲ್ಮೂರಿಗೋ ಡಿಸ್ಚಾರ್ಜ್ ಆಗಿ ಹೋಗುವವರ ಮನೆಯಲ್ಲಿ ಈ ಕೆಲಸ ಹೆಂಡತಿಯ ಮೇಲೋ ಸೊಸೆಯ ಮೇಲೋ ಬೀಳುತ್ತದೆ. ಅವರಿಗೆ ಏರ್ ಬೆಡ್ ಬರೆದುಕೊಡುವ ಮೊದಲು ಊರಲ್ಲಿ ರಾತ್ರಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿ. ಕರೆಂಟ್ ಸರಿಯಾಗಿ ಇರದಿದ್ದರೆ ಆ ದುಡ್ಡಿಗೆ ಒಳ್ಳೆಯ ಫೋಮ್, ನಾಲ್ಕು ದಿಂಬು, ನಾಲ್ಕು ಹತ್ತಿ ಸೀರೆಯ ಡ್ರಾ ಶೀಟ್ ಸಾಕು. ಹೊರಡುವ ಎರಡು ದಿನ ಮೊದಲೇ ಅವರ ಕೈಯಿಂದಲೇ ಹೊರಳಿಸಿ, ಅವರ ಬೆರಳಿನಿಂದಲೇ ಕೆಂಪು ಒತ್ತಿಸಿ ನೋಡಿ. "ಅಮ್ಮಾ, ಒತ್ತಿದ್ರೂ ಬೆಳ್ಳಗಾಗ್ಲಿಲ್ಲ ಅಂದ್ರೆ ಆ ಮಗ್ಗುಲಿಗೆ ಮಲಗಿಸ್‌ಬ್ಯಾಡ್ರಿ, ಮರುದಿನಾನೇ ಕರ್ಕೊಂಡು ಬರ್ರಿ" ಎಂದು ಹೇಳಿ, ಅದನ್ನೇ ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡಿ.