ಚಳಿಗಾಲದ ಹೂದಾನಿಗೆ ಕುಂಡದ ಸೇವಂತಿಯೋ, ಮಾರ್ಕೆಟ್ ಹೂವೋ, ಹೊಲದ ಹೂವೋ?

ಮೈಸೂರಲ್ಲಿ ಹೂವಿಗೇನೂ ಬರ ಇಲ್ಲ. ಆದರೆ ಇಲ್ಲಿ ಹೂವಿನ ಲೆಕ್ಕವೆಲ್ಲ ಮೊಳ, ಮಾರು, ಕೆಜಿಯಲ್ಲಿ. ದೇವರಿಗೆ, ಮುಡಿಗೆ ಅಷ್ಟು ಸಾಕು. ಉದ್ದ ಕಡ್ಡಿಯ ಹೂ ಬೇಕು, ಹೂದಾನಿಯಲ್ಲಿ ವಾರವಾದರೂ ನಿಲ್ಲಬೇಕು ಅಂದರೆ ಹುಡುಕಬೇಕಾಗುತ್ತದೆ. ಮೈಸೂರು ಮಲ್ಲಿಗೆ ಬೇಸಿಗೆಯ ಹೂ, ಚಳಿಯಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಕಳೆದ ಚಳಿಗಾಲ ಪೂರ್ತಿ ಮೂರು ದಾರಿ ನೋಡಿದೆ: ನಮ್ಮ ತಾರಸಿಯ ಕುಂಡ, ದೇವರಾಜ ಮಾರುಕಟ್ಟೆ, ಶ್ರೀರಂಗಪಟ್ಟಣದ ಹತ್ತಿರದ ಒಂದು ಹೊಲ.

ಮೊದಲು ಕುಂಡ. ಜುಲೈಯಲ್ಲಿ ಹಳೇ ಸೇವಂತಿ ಬುಡದಲ್ಲಿದ್ದ ಮರಿಗಳನ್ನು ಬಿಡಿಸಿ ಎಂಟು ಕುಂಡಕ್ಕೆ ನೆಟ್ಟೆ. ತಿಂಗಳಾದ ಮೇಲೆ ಕುಡಿ ಚಿವುಟಿದೆ, ಕವಲು ಚೆನ್ನಾಗಿ ಒಡೆಯಿತು. ಅಕ್ಟೋಬರ್ ಕೊನೆಗೆ ನೀರಿನ ಟ್ಯಾಂಕಿನ ಹಿಂದಿದ್ದ ನಾಲ್ಕು ಗಿಡಗಳಲ್ಲಿ ಬಟಾಣಿ ಕಾಳಿನಷ್ಟು ಮೊಗ್ಗು. ರಸ್ತೆ ಕಡೆ ಇಟ್ಟಿದ್ದ ನಾಲ್ಕರಲ್ಲಿ ಬರೀ ಎಲೆ! ಅದೇ ಮಣ್ಣು, ಅದೇ ಗೊಬ್ಬರ, ಅದೇ ನೀರು. ಒಂದು ರಾತ್ರಿ ತಾರಸಿಗೆ ಹೋದಾಗ ಕಾರಣ ಕಣ್ಣಿಗೆ ಬಿತ್ತು. ಬೀದಿ ದೀಪದ ಬೆಳಕು ನೇರ ಆ ಗಿಡಗಳ ಮೇಲೇ ಬೀಳುತ್ತಿತ್ತು. ಸೇವಂತಿ ಮೊಗ್ಗು ಕಟ್ಟಬೇಕಾದರೆ ಉದ್ದನೆಯ, ಕತ್ತಲ ರಾತ್ರಿ ಬೇಕು. ರಾತ್ರಿ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಹಗಲು ದೊಡ್ಡದಿದೆ ಅಂತಲೇ ಲೆಕ್ಕ. ನವೆಂಬರ್ ಮಧ್ಯದಲ್ಲಿ ಆ ನಾಲ್ಕನ್ನೂ ಟ್ಯಾಂಕಿನ ಹಿಂದಕ್ಕೆ ಸಾಗಿಸಿದೆ. ಅವು ಹೂ ಬಿಟ್ಟಿದ್ದು ಸಂಕ್ರಾಂತಿ ಕಳೆದ ಮೇಲೆ.

ತೊಂದರೆ ಅಂದರೆ ಕಪ್ಪು ಹೇನು. ಮೊಗ್ಗಿನ ಕೆಳಗೆ ಒತ್ತಾಗಿ ಕೂತಿರುತ್ತವೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆದೆ. ಎರಡು ಸಲಕ್ಕೆ ಹತೋಟಿಗೆ ಬಂತು. ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕ ಹೂವು ಹೂದಾನಿಯಲ್ಲಿ ಹನ್ನೆರಡು ದಿನ ನಿಂತಿತು. ಬೆಳಗ್ಗೆ ಇಬ್ಬನಿ ಆರುವ ಮುಂಚೆ ಕತ್ತರಿಸಿ, ನೀರಿಗೆ ಮುಳುಗುವ ಎಲೆಗಳನ್ನು ಕಿತ್ತು, ದಿನಕ್ಕೊಮ್ಮೆ ನೀರು ಬದಲಿಸಿದ್ದೆ, ಅಷ್ಟೇ.

ಜೊತೆಗೆ ಹಾಕಿದ್ದ ಚೆಂಡು ಹೂವು ಸಲೀಸು. ಸಸಿ ನೆಟ್ಟು ಎರಡು ತಿಂಗಳೊಳಗೆ ಹೂ. ಆದರೆ ಹೂದಾನಿಯಲ್ಲಿ ಐದೇ ದಿನ. ಎಲೆ ಉಳಿಸಿದರೆ ನೀರು ನಾತ ಹೊಡೆಯುತ್ತದೆ.

ದೇವರಾಜ ಮಾರುಕಟ್ಟೆಗೆ ಹೋಗುವುದೇ ಒಂದು ಖುಷಿ, ಅಲ್ವಾ? ಹಳದಿ, ಕೇಸರಿ ರಾಶಿ ನೋಡಿದರೆ ಮನೆಗೆ ಬರಲು ಮನಸ್ಸೇ ಆಗುವುದಿಲ್ಲ. ಮಾಲೆಗೆ, ಪೂಜೆಗೆ ಬಿಡಿ ಹೂ ಬೇಕಾದರೆ ನಾನು ಈಗಲೂ ಅಲ್ಲಿಗೇ ಹೋಗುವುದು. ಆದರೆ ರಾಶಿಯ ಸೇವಂತಿಗೆ ಕಡ್ಡಿಯೇ ಇರುವುದಿಲ್ಲ. ಕಡ್ಡಿ ಸಮೇತ ಒಂದು ಕಟ್ಟು ಹುಡುಕಿ ತಂದೆ. ಕಡ್ಡಿಯ ತುದಿ ಆಗಲೇ ಕಂದಿತ್ತು. ಓರೆಯಾಗಿ ಕತ್ತರಿಸಿ ಇಟ್ಟರೂ ಆರನೇ ದಿನಕ್ಕೆ ತಲೆ ಬಾಗಿಸಿತು. ವೈಕುಂಠ ಏಕಾದಶಿ ಹಿಂದಿನ ದಿನವಂತೂ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಹೊಲದ ಹೂವು ನನಗೆ ಅಚ್ಚರಿ ತಂದಿತು. ಬೆಳೆಗಾರರು ಮೊದಲೇ ಹೇಳಿದ್ದರು, "ಹೊತ್ತು ಏರೋಕ್ ಮುಂಚೆ ಬನ್ನಿ ಅಕ್ಕಾ, ಬಿಸ್ಲು ಬಿದ್ ಮೇಲೆ ಕುಯ್ದ್ರೆ ಬಾಳಕಿಲ್ಲ." ಆರೂವರೆಗೆ ಹೋದೆ. ನನಗೆಂದೇ ಮೊಣಕೈ ಉದ್ದಕ್ಕೆ ಕಡ್ಡಿ ಬಿಟ್ಟು ಕುಯ್ದು ಕೊಟ್ಟರು. ಬಕೆಟ್ಟಿನಲ್ಲಿ ನೀರು ಹಾಕಿಕೊಂಡೇ ಹೋಗಿದ್ದೆ, ನೇರ ಅದಕ್ಕೇ ಇಳಿಸಿದೆ. ಹತ್ತು ದಿನ ಬಂತು. ಕುಂಡದ ಹೂವಿಗಿಂತ ಎರಡೇ ದಿನ ಕಮ್ಮಿ. ಹಣವೂ ಮಾರ್ಕೆಟ್ಟಿಗಿಂತ ಜಾಸ್ತಿ ಏನಿಲ್ಲ, ಪೆಟ್ರೋಲ್ ಖರ್ಚು ಬೇರೆ. ಅದಕ್ಕೇ ಪಕ್ಕದ ಇಬ್ಬರು ಮನೆಯವರನ್ನೂ ಸೇರಿಸಿಕೊಂಡು ಒಟ್ಟಿಗೆ ತರುವುದು ಮೇಲು.

ನನ್ನ ಆಯ್ಕೆ ಕೇಳಿದರೆ ಕುಂಡವೇ. ಈ ಜುಲೈಗೆ ಎಂಟೂ ಕುಂಡ ಟ್ಯಾಂಕಿನ ಹಿಂದೆಯೇ. ರಸ್ತೆ ಕಡೆಗೆ ಚೆಂಡು ಹೂವು. ಸಂಕ್ರಾಂತಿಗೆ ಮನೆ ತುಂಬ ಜನ ಬರುವಾಗ ಮಾತ್ರ ಬಕೆಟ್ ಹಿಡಿದು ಹೊಲಕ್ಕೆ ಹೋಗುತ್ತೇನೆ.