ಹೇರ್ ಟ್ರಾನ್ಸ್‌ಪ್ಲಾಂಟ್ ಗೆರೆ ಮುಚ್ಚಲು ಮೈಕ್ರೋಪಿಗ್ಮೆಂಟೇಶನ್: ಕೆಲವು ವರ್ಷ ಕಳೆದ ಮೇಲೆ ನನ್ನ ವಿಮರ್ಶೆ

ರೇಟಿಂಗ್: 5ಕ್ಕೆ 4

ಮುಂದೆ ಕೂದಲು ಬಂತು, ಹಿಂದೆ ಗೆರೆ ಉಳಿಯಿತು. ಎಫ್‌ಯುಟಿ, ಅಂದರೆ ಸ್ಟ್ರಿಪ್ ವಿಧಾನದಲ್ಲಿ ಮಾಡಿಸಿಕೊಂಡವರಿಗೆ ಇದು ಗೊತ್ತು. ತಲೆಯ ಹಿಂಭಾಗದಲ್ಲಿ ಒಂದು ಪಟ್ಟಿ ಚರ್ಮ ತೆಗೆದು, ಎರಡೂ ಅಂಚು ಎಳೆದು ಹೊಲಿಯುತ್ತಾರೆ. ಹೊಲಿಗೆ ಚೆನ್ನಾಗಿ ಕೂತರೆ ಒಂದೆರಡು ಮಿಲಿಮೀಟರ್ ಗೆರೆ, ಅಷ್ಟೇ. ಎಳೆತ ಬಿದ್ದರೆ ಹಿಗ್ಗುತ್ತದೆ. ನನ್ನದು ಕಿವಿಗಳ ಹತ್ತಿರ ಸಣ್ಣಗಿದೆ, ಕುತ್ತಿಗೆಯ ಮೇಲೆ ನಡುಭಾಗದಲ್ಲಿ ಅಗಲವಾಗಿದೆ. ಕೂದಲು ಉದ್ದ ಬಿಟ್ಟರೆ ಯಾರಿಗೂ ಕಾಣುವುದಿಲ್ಲ ನಿಜ, ಆದರೆ ಬೇಸಿಗೆಯಲ್ಲಿ ಕೂಡ ಉದ್ದ ಕೂದಲು ಬಿಟ್ಟುಕೊಂಡು, ಗಾಳಿ ಬಂದಾಗೆಲ್ಲ ಕೈ ಹಿಂದಕ್ಕೆ ಹೋಗುವ ಹಿಂಸೆ ಇದೆಯಲ್ಲ, ಅದು ಸಾಕಾಗಿತ್ತು. ಹೊಸ ಸಲೂನಿಗೆ ಹೋದರೆ ಸಾಕು, "ಏನ್ ಸಾರ್, ಆಕ್ಸಿಡೆಂಟ್ ಆಗಿತ್ತಾ?" ಅನ್ನೋ ಪ್ರಶ್ನೆ.

ಮೈಕ್ರೋಪಿಗ್ಮೆಂಟೇಶನ್‌ಗೆ, ಅಂದರೆ ಸೂಜಿಯಿಂದ ಚರ್ಮದಲ್ಲಿ ಕೂದಲ ಬುಡದಂಥ ಬಣ್ಣದ ಚುಕ್ಕೆ ಇಡಿಸುವುದಕ್ಕೆ, ಮುಂಚೆ ಬಳಸಿದ್ದನ್ನೂ ಹೇಳುತ್ತೇನೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಡಾಕ್ಟರ್ ಸಿಲಿಕೋನ್ ಜೆಲ್ ಬರೆದುಕೊಟ್ಟರು. ದಿನಕ್ಕೆರಡು ಸಲ, ತಿಂಗಳುಗಟ್ಟಲೆ ಹಚ್ಚಬೇಕು. ಕೆಂಪು, ತುರಿಕೆ, ಗಡಸು ಇಳಿಯಿತು. ಅಗಲ ಕಮ್ಮಿ ಆಗಲಿಲ್ಲ, ಅದು ಜೆಲ್‌ನ ಕೆಲಸವೂ ಅಲ್ಲ. ಹೊಸ ಗಾಯ, ಉಬ್ಬಿದ ಗಾಯಕ್ಕೆ ಅದು ಸರಿ. ಚಪ್ಪಟೆಯಾಗಿ ಬೆಳ್ಳಗಾದ ಹಳೇ ಗೆರೆಗೆ ಸುಮ್ನೆ ದುಡ್ಡು ಸುರಿಯಬೇಡಿ.

ಆಮೇಲೆ ಹೇರ್ ಫೈಬರ್ ಪುಡಿ. ಈ ಕೆರಾಟಿನ್ ಎಳೆಗಳು ಇರುವ ಕೂದಲಿಗೆ ಅಂಟಿಕೊಂಡು ಅದನ್ನು ದಪ್ಪ ಕಾಣಿಸುತ್ತವೆ. ಗೆರೆಯಲ್ಲಿ ಕೂದಲೇ ಇಲ್ಲದಿದ್ದರೆ ಹಿಡಿದು ನಿಲ್ಲುವುದಾದರೂ ಎಲ್ಲಿ? ಬೆವರಿದರೆ ಕಾಲರ್ ಕಪ್ಪು, ಹೆಲ್ಮೆಟ್ ತೆಗೆದರೆ ಅದರೊಳಗೆ ಕಪ್ಪು. ಮದುವೆ ಮನೆಯಲ್ಲಿ ಒಂದು ಸಂಜೆ ದಾಟಿಸಬಹುದು, ದಿನನಿತ್ಯಕ್ಕೆ ಆಗದು.

ನಿಜವಾದ ವ್ಯತ್ಯಾಸ ಶುರುವಾಗಿದ್ದು ಎಫ್‌ಯುಇ, ಅಂದರೆ ಪಟ್ಟಿ ಕತ್ತರಿಸದೆ ಕೂದಲನ್ನು ಬುಡಸಮೇತ ಒಂದೊಂದಾಗಿ ತೆಗೆಯುವ ವಿಧಾನದಲ್ಲಿ, ಗೆರೆಯೊಳಗೇ ಕೂದಲು ನೆಡಿಸಿದಾಗ. ಗಾಯದ ಚರ್ಮದಲ್ಲಿ ರಕ್ತ ಸಂಚಾರ ಕಮ್ಮಿ, ಹಾಗಾಗಿ ಒತ್ತಾಗಿ ನೆಡುವುದಿಲ್ಲ, ನೆಟ್ಟಿದ್ದೆಲ್ಲ ಹಿಡಿಯುವುದೂ ಇಲ್ಲ. ಫಲ ನೋಡಲು ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ನನಗೆ ಅಲ್ಲೊಂದು ಇಲ್ಲೊಂದು ಬಂತು, ಆದರೆ ಉದ್ದಕ್ಕೆ ಹರಿದ ಬಿಳಿ ಗೆರೆ ತುಂಡು ತುಂಡಾಯಿತು. ಆ ತುಂಡುಗಳ ನಡುವೆ ಬಣ್ಣ ತುಂಬಿದ್ದೇ ಮೈಕ್ರೋಪಿಗ್ಮೆಂಟೇಶನ್.

ಇದು ಟ್ಯಾಟೂನೇ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸೂಜಿ, ಬಣ್ಣ ಎರಡೂ ಇದೆ, ಆದರೆ ಚುಕ್ಕೆ ಬಹಳ ಸಣ್ಣದು, ಆಳವೂ ಕಮ್ಮಿ. ಮಷೀನ್ ಹೊಡೆದ ಮೇಲೆ ಕಾಣುವ ಕೂದಲಿನ ಬುಡದಂತೆ ಒಂದೊಂದೇ ಚುಕ್ಕೆ ಇಡುತ್ತಾರೆ. ಜಾಸ್ತಿ ಆಳಕ್ಕೆ ಇಳಿದರೆ ಬಣ್ಣ ಹರಡುತ್ತದೆ, ನೀಲಿ ತಿರುಗುತ್ತದೆ. ಗಾಯದ ಚರ್ಮ ಇಲ್ಲೂ ಸತಾಯಿಸುತ್ತದೆ, ಒಂದು ಕಡೆ ಬಣ್ಣ ಹಿಡಿಯುವುದೇ ಇಲ್ಲ, ಪಕ್ಕದಲ್ಲೇ ಜಾಸ್ತಿ ಹೀರಿ ಹರಡುತ್ತದೆ. ನಾನು ಹೋದ ಕಡೆ ಮೊದಲ ದಿನ ಗೆರೆಯ ಒಂದು ಮೂಲೆಯಲ್ಲಿ ನಾಲ್ಕಾರು ಚುಕ್ಕೆ ಇಟ್ಟು, ಕೆಲವು ವಾರ ಬಿಟ್ಟು ಬನ್ನಿ ಎಂದು ಮನೆಗೆ ಕಳಿಸಿದರು. ಆಗಲೇ ಇವರ ಮೇಲೆ ನಂಬಿಕೆ ಬಂತು. ಒಂದೇ ಸಿಟ್ಟಿಂಗ್‌ನಲ್ಲಿ ಗೆರೆ ಮಾಯ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಹಾಗೇ ಗಾಯ ಪೂರ್ತಿ ಮಾಗುವ ಮೊದಲೇ, ಅಂದರೆ ಆಪರೇಷನ್ ಆಗಿ ವರ್ಷ ತುಂಬದೆ, ಬಣ್ಣ ಹಾಕಿಸಬೇಡಿ.

ನೋವು ನಡುಭಾಗದಲ್ಲಿ ಗೊತ್ತಾಗಲೇ ಇಲ್ಲ, ಅಲ್ಲಿ ಸ್ಪರ್ಶವೇ ಮಂದ. ಅಂಚಿನ ಒಳ್ಳೆ ಚರ್ಮಕ್ಕೆ ಸೂಜಿ ಬಂದಾಗ ಮಾತ್ರ ಹಲ್ಲು ಕಚ್ಚಿದೆ. ಅಂಚು ದಾಟಿ ಆಚೀಚೆಯೂ ಚುಕ್ಕೆ ಇಡಲೇಬೇಕು, ಇಲ್ಲದಿದ್ದರೆ ಬಿಳಿ ಗೆರೆ ಹೋಗಿ ಕಪ್ಪು ಗೆರೆ ಬರುತ್ತದೆ. ಆಮೇಲೆ ಕೆಲವು ದಿನ ತಲೆಗೆ ನೀರಿಲ್ಲ, ಹೆಲ್ಮೆಟ್ ಇಲ್ಲ, ಬೆವರುವ ಕೆಲಸ ಇಲ್ಲ. ಗಾಡಿಯಲ್ಲಿ ಆಫೀಸಿಗೆ ಹೋಗುವವರು ರಜೆ ನೋಡಿಕೊಂಡು ಹೋಗಿ. ಮೊದಲ ಸಿಟ್ಟಿಂಗ್ ಬಣ್ಣ ಬೇಗ ಮಾಸಿದರೆ ಗಾಬರಿ ಬೇಡ, ಅದಕ್ಕೇ ಮತ್ತೆ ಮತ್ತೆ ಕರೆಯುತ್ತಾರೆ.

ಈಗ ಸಲೂನಿನಲ್ಲಿ ಧೈರ್ಯವಾಗಿ ಮೂರನೇ ನಂಬರ್ ಮಷೀನ್ ಅನ್ನುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಇನ್ನೂ ಗಿಡ್ಡವಾಗಿ ಎರಡನೇ ನಂಬರ್‌ಗೆ ಇಳಿದರೆ ಗೊತ್ತಿದ್ದವರು ಹುಡುಕಿ ಕಂಡುಹಿಡಿಯಬಹುದು. ಎಣ್ಣೆ ಹಚ್ಚಿ ಟ್ಯೂಬ್‌ಲೈಟ್ ಕೆಳಗೆ ಕೂತರೆ ಗೆರೆ ಇನ್ನೂ ನುಣ್ಣಗೆ ಹೊಳೆಯುತ್ತದೆ, ಯಾಕೆಂದರೆ ಬದಲಾಗಿರುವುದು ಬಣ್ಣ ಮಾತ್ರ. ಬೆರಳಾಡಿಸಿದರೆ ಮೊದಲಿದ್ದಂತೆಯೇ ತಗ್ಗು ಸಿಗುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟಾಗ ಪೂರ್ತಿ ಪರೀಕ್ಷೆ ಆಯಿತು. ಕತ್ತಿ ಆಡಿಸಿದ ದಿನ ಗೆರೆ ಕಂಡಿತು. ಎರಡು ಮೂರು ದಿನಕ್ಕೆ ಮೊಳಕೆ ಕೂದಲು ಬಂದ ಮೇಲೆ ಚುಕ್ಕೆ ಯಾವುದು, ಕೂದಲು ಯಾವುದು ಅಂತ ಮನೆಯವರಿಗೂ ಹೇಳಲು ಆಗಲಿಲ್ಲ. ಹರಕೆ ಇರುವವರು, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರುವವರು ಇದನ್ನೂ ಯೋಚಿಸಬೇಕಾಗುತ್ತದೆ, ತಲೆ ಬೋಳಿಸುವ ದಿನ ನಮ್ಮಲ್ಲಿ ಒಂದಲ್ಲ ಒಂದು ಸಲ ಬಂದೇ ಬರುತ್ತದೆ.

ಎಫ್‌ಯುಇ ಮಾಡಿಸಿದವರಿಗೆ ಗೆರೆ ಇರುವುದಿಲ್ಲ, ಆದರೆ ಕೂದಲು ತೆಗೆದ ಕಡೆ ಸಣ್ಣ ಬಿಳಿ ಚುಕ್ಕೆ ಉಳಿಯಬಹುದು. ಜಾಸ್ತಿ ತೆಗೆದಿದ್ದರೆ ಮಷೀನ್ ಕಟ್‌ನಲ್ಲಿ ಎದ್ದು ಕಾಣುತ್ತದೆ. ಅದಕ್ಕೂ ಮೈಕ್ರೋಪಿಗ್ಮೆಂಟೇಶನ್ ಮಾಡುತ್ತಾರೆ.

ಒಂದು ಅಂಕ ಯಾಕೆ ಕಡಿದೆ? ಬಿಸಿಲಿಗೆ ಮಾಸುತ್ತದೆ, ಗೆರೆಯ ನಡುವೆ ಸುತ್ತಲಿನ ಚರ್ಮಕ್ಕಿಂತ ಬೇಗ ಮಾಸಿತು, ಟಚಪ್ ಖರ್ಚು ತಪ್ಪಿದ್ದಲ್ಲ. ಅದಕ್ಕಿಂತ ದೊಡ್ಡದು ನರೆ. ನನ್ನ ಕಿವಿಯ ಸುತ್ತ ಬೆಳ್ಳಗಾಗುತ್ತಿದೆ, ಚುಕ್ಕೆ ಬೆಳ್ಳಗಾಗುವುದಿಲ್ಲ. ಅದಕ್ಕೇ ಶುರುವಿನಲ್ಲೇ ಕಡುಕಪ್ಪು ಬೇಡ, ತಿಳಿ ಛಾಯೆ ಕೇಳಿ. ತಿಳಿಯಾದದ್ದನ್ನು ಮುಂದೆ ಗಾಢ ಮಾಡಬಹುದು, ಗಾಢವಾದದ್ದನ್ನು ತಿಳಿ ಮಾಡಲು ಲೇಸರ್ ಬೇಕು.

ಗೆರೆಯನ್ನೇ ಕತ್ತರಿಸಿ ಮತ್ತೆ ಹೊಲಿಯುವುದು, ಒಳಗೆ ಕೂದಲು ನೆಡುವುದು ಇವೆಲ್ಲ ಸರ್ಜರಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಯೂಟ್ಯೂಬ್ ನೋಡಿ ಕಲಿತರೆ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಲು ಸಾಲದು ಎಂದು ಬರೆದು ಹೇಳಬೇಕಾಯಿತು. ಸೂಜಿ ಹಿಡಿಯುವವರು ಯಾರು, ಗಾಯದ ಮೇಲೆ ಮಾಡಿದ ಹಳೇ ಕೇಸುಗಳ ಫೋಟೋ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಮಾಡಿದ ದಿನದ ಫೋಟೋ ಸಾಲದು, ಒಂದೆರಡು ವರ್ಷದ ಮೇಲಿನದು ಬೇಕು, ಅದೂ ಬೆಳಕಿನಲ್ಲಿ ತೆಗೆದಿದ್ದು.