ಮಳೆಯಲ್ಲೂ ಉಳಿಯುವ ಡಿಸ್ಕೊ: ಕೆಲವು ಎಲೆಕ್ಟ್ರೊಪಾಪ್ ಆಲ್ಬಂಗಳ ಕುರಿತು

ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿಯ ಸುತ್ತಮುತ್ತ ಶೀಟು ಹೊದಿಸಿದ ಮನೆಯಲ್ಲಿ ಕೂತು ಹಾಡು ಕೇಳುವವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಮಳೆ ಬಿರುಸಾದಂತೆ ಹಾಡಿನಲ್ಲಿರುವ ಎಲ್ಲವೂ ಕೇಳಿಸುವುದಿಲ್ಲ. ಮೊದಲು ಮರೆಯಾಗುವುದು ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈ-ಹ್ಯಾಟಿನ ಚಿಕ್ ಚಿಕ್ ಸದ್ದು, ಅದರ ಹಿಂದೆಯೇ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರಿನ ತೆಳುವಾದ ಎಳೆಗಳು, ಆಮೇಲೆ ಹಿನ್ನೆಲೆಯ ಕೋರಸ್. ಕೊನೆಗೆ ಉಳಿಯುವುದು ತಗ್ಗು ಸ್ವರಗಳ ಬೇಸ್, ಬೀಟಿನ ಪೆಟ್ಟು ಮತ್ತು ಬಿಡಿಬಿಡಿಯಾಗಿ ಹಾಡಿದ ಒಂದು ಕಂಠ. ಸದ್ದಿನ ಮೇಲೆ ಸದ್ದು ಪೇರಿಸಿದ ಆಲ್ಬಂ ಇಲ್ಲಿ ಬೇಗ ಸೋಲುತ್ತದೆ. ನಾಲ್ಕೈದನ್ನೇ ಇಟ್ಟುಕೊಂಡು ಪ್ರತಿಯೊಂದಕ್ಕೂ ಜಾಗ ಬಿಟ್ಟು ಕಟ್ಟಿದ್ದು ನಿಲ್ಲುತ್ತದೆ. ಎಲೆಕ್ಟ್ರೊಪಾಪ್, ಅಂದರೆ ವಿದ್ಯುನ್ಮಾನ ವಾದ್ಯಗಳ ಮೇಲೆ ಕಟ್ಟಿದ ಪಾಪ್ ಸಂಗೀತದ ಬಗ್ಗೆ ಮುಂದೆ ಹೇಳುವ ಅಭಿಪ್ರಾಯಗಳಿಗೆಲ್ಲ ಇದೇ ಮಾನದಂಡ. ಮಳೆ ಬಿಟ್ಟ ಮೇಲೆ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗಲೂ, ನನ್ನ ತೀರ್ಪು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಡಾನ್ಸ್ ಸಂಗೀತದ ಮೇಲೆ ಸಾಮಾನ್ಯವಾಗಿ ಬರುವ ದೂರು, ಅದು ಹೇಳಿದ್ದನ್ನೇ ಹೇಳುತ್ತದೆ ಎಂಬುದು. ಮದುವೆಮನೆಯಲ್ಲಿ ವಾಲಗಕ್ಕೆ ಕುಣಿದು ಬೆಳೆದ ನಮ್ಮ ಕಡೆಯವರಿಗೆ ಈ ದೂರು ಅಷ್ಟಾಗಿ ನಾಟುವುದಿಲ್ಲ. ವಾಲಗದಲ್ಲಿ ಚಿಕ್ಕದೊಂದು ಧಾಟಿ ತಿರುತಿರುಗಿ ಬರುತ್ತದೆ, ಕೊಟ್ಟು ಎಂಬ ಚರ್ಮವಾದ್ಯದ ಪೆಟ್ಟು ಅದನ್ನು ಹಿಡಿದು ನಡೆಸುತ್ತದೆ, ಎಪ್ಪತ್ತು ದಾಟಿದ ಅಜ್ಜನೂ ಕೊಡವರ ನಿಲುವಂಗಿಯಾದ ಕುಪ್ಯದ ಅಂಚನ್ನು ಸರಿಪಡಿಸಿಕೊಂಡು ಕಣಕ್ಕಿಳಿಯುತ್ತಾರೆ. ಅಲ್ಲಿ ಯಾರೂ ಹೊಸ ಚರಣಕ್ಕಾಗಿ ಕಾಯುವುದಿಲ್ಲ. ಪುನರಾವರ್ತನೆ ಬೇಸರ ತರಿಸುವುದು ಅದರೊಳಗೆ ಏನೂ ನಡೆಯದಿದ್ದಾಗ ಮಾತ್ರ.

ಕೊಡಗಿನವರು ಈ ವಿಷಯ ಮಾತಾಡುವಾಗ ಬಿದ್ದು ಅಪ್ಪಯ್ಯ ಅವರಿಂದ ಆರಂಭಿಸುವುದು ನ್ಯಾಯ. ಕೊಡವ ಮೂಲದ ಈ ಸಂಗೀತಗಾರ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಬ್ಯಾಂಡಿನಲ್ಲಿ ಗಿಟಾರ್ ಹಿಡಿದು, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕರು ಅವರೇ. ಡಿಸ್ಕೊ ಎಂಬ ಹೆಸರು ನಮ್ಮ ಊರುಗಳನ್ನು ಮುಟ್ಟುವ ಮೊದಲೇ ಆ ಹಾಡು ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತ್ತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಅವರು ಮಾಡಿದ ‘ಆಪ್ ಜೈಸಾ ಕೋಯಿ’ ಗೀತೆಯನ್ನು ಹಾಡಿದ್ದು, ಕರಾಚಿ ಮೂಲದ ಹದಿನೈದರ ಹುಡುಗಿ ನಾಜಿಯಾ ಹಸನ್. ಅದರ ಮರುವರ್ಷ ಬಂದ ‘ಡಿಸ್ಕೊ ದೀವಾನೆ’ ಆಲ್ಬಂ ನಮ್ಮ ಉಪಖಂಡದಲ್ಲಿ ಸಿನಿಮಾದ ಹಂಗಿಲ್ಲದೆ ಪಾಪ್ ಸಂಗೀತ ನಡೆದಾಡಬಲ್ಲದು ಎಂದು ತೋರಿಸಿಕೊಟ್ಟಿತು.

ಇಂದು ಆ ಆಲ್ಬಂ ಕೇಳಿದರೆ ಮೊದಲು ಗಮನಕ್ಕೆ ಬರುವುದು ನಾಜಿಯಾರ ಕಂಠದಲ್ಲಿ ಭಾವಪ್ರದರ್ಶನ ಎಷ್ಟು ಕಡಿಮೆ ಎಂಬುದು. ಆ ಕಾಲದ ಹಿನ್ನೆಲೆ ಗಾಯಕಿಯರು ಮಾಡುತ್ತಿದ್ದ ಗಮಕ, ಕೊಂಕು, ನಿಟ್ಟುಸಿರು ಯಾವುದೂ ಅಲ್ಲಿಲ್ಲ. ಸ್ವಲ್ಪ ಮೂಗಿನಿಂದ ಬರುವ, ಶಾಲೆಯ ಹುಡುಗಿಯ ನೇರ ದನಿ. ಅದನ್ನು ಪದರವಾಗಿಸಿ, ಪ್ರತಿಧ್ವನಿ ಕೊಟ್ಟು, ಬೀಟಿನ ಮೇಲೆ ತೇಲಬಿಟ್ಟಿದ್ದಾರೆ. ಶೀರ್ಷಿಕೆ ಗೀತೆಗಿಂತ ‘ಆವೊ ನಾ’ ನನಗೆ ಹೆಚ್ಚು ಇಷ್ಟ. ಅಲ್ಲಿ ಬೇಸ್ ಮುಂದೆ ನಿಂತು ಮಾತಾಡುತ್ತದೆ, ಗಾಯಕಿ ಅದಕ್ಕೆ ಉತ್ತರ ಕೊಡುವಂತೆ ಬಿಟ್ಟುಬಿಟ್ಟು ಹಾಡುತ್ತಾರೆ, ನಡುವಿನ ಖಾಲಿಯನ್ನು ತುಂಬಲು ಯಾರೂ ಅವಸರಪಡುವುದಿಲ್ಲ. ತಮ್ಮ ಜೊಹೆಬ್ ಹಾಡಿದ ಭಾಗಗಳು ಅಷ್ಟು ಗಟ್ಟಿಯಾಗಿಲ್ಲ, ನಿಧಾನಗತಿಯ ಹಾಡುಗಳು ಇಂದಿಗೆ ಸ್ವಲ್ಪ ಮಾಸಿವೆ ಎಂಬುದನ್ನೂ ಹೇಳಬೇಕು. 2012ರಲ್ಲಿ ಶೀರ್ಷಿಕೆ ಗೀತೆಯನ್ನು ಒಂದು ಹಿಂದಿ ಚಿತ್ರಕ್ಕಾಗಿ ಹೊಸದಾಗಿ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ಕೇಳಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ: ಹೊಸದರಲ್ಲಿ ಸದ್ದು ಹೆಚ್ಚು, ಕುಣಿಯುವ ಮನಸ್ಸು ಕಡಿಮೆ.

ಬಿದ್ದು ಅವರ ಕೆಲಸ ಜನಪ್ರಿಯತೆಯ ತುದಿಯಲ್ಲಿದ್ದಾಗಲೇ ಮುಂಬೈಯಲ್ಲಿ ಇನ್ನೊಬ್ಬರು ಯಾರೂ ಗಮನಿಸದಂತೆ ಒಂದು ಆಲ್ಬಂ ಮಾಡಿದರು. ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಗಿಟಾರ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಧ್ವನಿಮುದ್ರಿಸಿದ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಆಲ್ಬಮಿನಲ್ಲಿ ಹೆಸರೇ ಹೇಳುವಂತೆ ಹತ್ತು ರಾಗಗಳಿವೆ: ಭೈರವಿಯಿಂದ ಹಿಡಿದು ಲಲಿತ್, ತೋಡಿ, ಮೇಘಮಲ್ಹಾರ್, ಯಮನ್, ಮಾಲಕೌಂಸ್‌ವರೆಗೆ. ವಾದ್ಯಗಳು ಮೂರೇ, ಮೂರೂ ರೋಲಂಡ್ ಕಂಪನಿಯವು: ಜುಪಿಟರ್-8 ಸಿಂಥಸೈಜರ್, ಟಿಆರ್-808 ಡ್ರಮ್ ಮೆಷಿನ್, ಟಿಬಿ-303 ಬೇಸ್ ಯಂತ್ರ. ಆಗ ಅದು ಮಾರಾಟವಾಗಲಿಲ್ಲ. 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ಸಂಸ್ಥೆ ಮರುಬಿಡುಗಡೆ ಮಾಡಿದ ಮೇಲೆ ಯುರೋಪಿನ ಡಾನ್ಸ್ ಸಂಗೀತದ ವಲಯ ಬೆಚ್ಚಿತು, ಏಕೆಂದರೆ ಟಿಬಿ-303ರ ಆ ಜಾರುವ, ಚೀರುವ ಬೇಸ್‌ನಿಂದ ಅಮೆರಿಕದ ಶಿಕಾಗೋದಲ್ಲಿ ‘ಆ್ಯಸಿಡ್ ಹೌಸ್’ ಎಂಬ ಪ್ರಕಾರ ಹುಟ್ಟಿದ್ದು ಎಂಬತ್ತರ ದಶಕದ ನಡುವಿನ ನಂತರ.

ಯಾರು ಮೊದಲು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಶಿಕಾಗೋದವರು ಇವರನ್ನು ಕೇಳಿ ಕಲಿತದ್ದಲ್ಲ, ಇವರು ಹೊಸ ಪ್ರಕಾರವೊಂದನ್ನು ಹುಟ್ಟಿಸಹೊರಟವರೂ ಅಲ್ಲ. ಆಲ್ಬಂ ನಿಂತಿರುವುದು ಬೇರೊಂದು ಕಾರಣಕ್ಕೆ. ಟಿಬಿ-303 ಯಂತ್ರದಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಸೌಲಭ್ಯವಿದೆ. ಬೇಸ್ ಗಿಟಾರಿಗೆ ಬದಲಿಯಾಗಲೆಂದು ಮಾಡಿದ ಆ ಯಂತ್ರ ಆ ಕೆಲಸದಲ್ಲಿ ಸೋತಿತು. ಆದರೆ ಅದೇ ಜಾರು ರಾಗಸಂಗೀತದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಹತ್ತಿರವಾಗಿ ಕೇಳಿಸುತ್ತದೆ ಎಂಬುದನ್ನು ಚರಣ್‌ಜಿತ್ ಕಿವಿಯಿಂದಲೇ ಕಂಡುಕೊಂಡಿದ್ದರು. ಭೈರವಿಯಲ್ಲಿ ಮೇಲಿನ ಸಿಂಥಸೈಜರ್ ಸ್ವರಪುಂಜವೊಂದನ್ನು ವೇಗವಾಗಿ ಬಿಚ್ಚುತ್ತ ಹೋಗುವಾಗ ಕೆಳಗೆ ಬೇಸ್ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಎರಡೂ ಒಂದನ್ನೊಂದು ನೋಡದೆಯೇ ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಬಂದು ಸೇರುತ್ತವೆ. ಹತ್ತನ್ನೂ ಒಂದೇ ಉಸಿರಿಗೆ ಕೇಳುವುದು ಮಾತ್ರ ಕಷ್ಟ. ಬೀಟು ಹೆಚ್ಚು ಬದಲಾಗದ ಕಾರಣ ಆರನೆಯದರ ಹೊತ್ತಿಗೆ ಯಮನ್ ಯಾವುದು, ಕಲಾವತಿ ಯಾವುದು ಎಂಬ ಕುತೂಹಲ ಸಡಿಲಾಗುತ್ತದೆ. ಶಾಸ್ತ್ರೀಯ ಸಂಗೀತದ ರಸಿಕರು ಇದನ್ನು ರಾಗವಿಸ್ತಾರವೆಂದು ಕೇಳಿದರೆ ನಿರಾಶರಾಗುತ್ತಾರೆ. ಮೂರು ನಾಲ್ಕರಂತೆ ಬಿಡಿಸಿ ಕೇಳಿದರೆ ಇದು ನಮ್ಮ ನೆಲದಲ್ಲಿ ಹುಟ್ಟಿದ ಅತ್ಯುತ್ತಮ ವಿದ್ಯುನ್ಮಾನ ಸಂಗೀತ ಎನ್ನಲು ನನಗೆ ಹಿಂಜರಿಕೆಯಿಲ್ಲ. ಮಳೆಯ ನಡುವೆ ಮೇಘಮಲ್ಹಾರ್ ಹಾಕುವುದು ತೀರ ಸುಲಭದ ಹಾಸ್ಯವಾದೀತು; ಆದರೂ ಹಾಕಿ, ಬೇಸ್ ಒಂದಿಷ್ಟೂ ಕದಲುವುದಿಲ್ಲ.

ಕಡಿಮೆಯಲ್ಲಿ ಹೆಚ್ಚನ್ನು ಹೇಳುವ ವಿದ್ಯೆಯ ಗುರುಮನೆ ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಕ್ರಾಫ್ಟ್‌ವರ್ಕ್ ತಂಡ. ಅವರ 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’ಗಿಂತ 1981ರ ‘ಕಂಪ್ಯೂಟರ್ ವರ್ಲ್ಡ್’ ನನಗೆ ಮೇಲು. ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು ಕಾಲದ ಈ ಆಲ್ಬಮಿನ ‘ನಂಬರ್ಸ್’ ಹಾಡಿನಲ್ಲಿ ಸಾಹಿತ್ಯವೆಂದರೆ ಹಲವು ಭಾಷೆಗಳಲ್ಲಿ ಎಣಿಸುವ ಅಂಕಿಗಳು ಮಾತ್ರ. ಅಷ್ಟರಲ್ಲೇ ಅದು ಕುಣಿಸುತ್ತದೆ, ಅಷ್ಟರಲ್ಲೇ ನಗಿಸುತ್ತದೆ. ಅದರ ಬೀಟನ್ನು ಮರುವರ್ಷವೇ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ ಹಾಡಿಗೆ ಬಳಸಿಕೊಂಡರು. ‘ಕಂಪ್ಯೂಟರ್ ಲವ್’ ಹಾಡಿನ ಒಂಟಿತನ ಫೋನ್ ಹಿಡಿದು ರಾತ್ರಿ ಕಳೆಯುವ ಇಂದಿನವರಿಗೆ ಅಳತೆ ಕೊಟ್ಟು ಹೊಲಿಸಿದ ಬಟ್ಟೆಯಂತಿದೆ. ಅಮೆರಿಕದ ಗಾಯಕಿ ಡೊನಾ ಸಮ್ಮರ್ ಅವರ 1977ರ ‘ಐ ರಿಮೆಂಬರ್ ಯೆಸ್ಟರ್‌ಡೇ’ ಆಲ್ಬಮನ್ನು ಮಾತ್ರ ಇಡಿಯಾಗಿ ಶಿಫಾರಸು ಮಾಡಲಾರೆ. ಅದರ ಕೊನೆಯ ಹಾಡು ‘ಐ ಫೀಲ್ ಲವ್’ ಸಾಕು: ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಮ್ಯೂನಿಕ್‌ನಲ್ಲಿ ಮೂಗ್ ಸಿಂಥಸೈಜರಿನಿಂದಲೇ ಇದನ್ನು ಕಟ್ಟಿದರು, ಮನುಷ್ಯ ಬಾರಿಸಿದ್ದು ಕಾಲಿನಿಂದ ಒದೆಯುವ ಕಿಕ್ ಡ್ರಮ್ ಒಂದನ್ನೇ.

ಸ್ವೀಡನ್ನಿನ ಗಾಯಕಿ ರಾಬಿನ್ 2010ರಲ್ಲಿ ಕಂತುಗಳಲ್ಲಿ ಬಿಡುಗಡೆ ಮಾಡಿ, ವರ್ಷದ ಕೊನೆಗೆ ಒಟ್ಟುಗೂಡಿಸಿದ ‘ಬಾಡಿ ಟಾಕ್’ ಈ ಶತಮಾನದ ಎಲೆಕ್ಟ್ರೊಪಾಪ್‌ನಲ್ಲಿ ನನ್ನ ಮೊದಲ ಆಯ್ಕೆ. ‘ಡಾನ್ಸಿಂಗ್ ಆನ್ ಮೈ ಓನ್’ ಹಾಡಿನಲ್ಲಿ ಒಬ್ಬಾಕೆ ಕ್ಲಬ್ಬಿನ ಮೂಲೆಯಲ್ಲಿ ನಿಂತು ತಾನು ಪ್ರೀತಿಸಿದವನು ಇನ್ನೊಬ್ಬಳೊಂದಿಗಿರುವುದನ್ನು ನೋಡುತ್ತ ಒಬ್ಬಳೇ ಕುಣಿಯುತ್ತಾಳೆ. ಕೆಳಗಿನ ಸಿಂಥ್ ಬೇಸ್ ಮೊದಲಿನಿಂದ ಕೊನೆಯವರೆಗೆ ಗುರುಗುಟ್ಟುತ್ತಲೇ ಇರುತ್ತದೆ, ಕರಗುವುದಿಲ್ಲ, ಸಮಾಧಾನ ಹೇಳುವುದಿಲ್ಲ. ಸಿನಿಮಾ ಹಾಡಾಗಿದ್ದರೆ ಈ ಸನ್ನಿವೇಶಕ್ಕೆ ಪಿಟೀಲುಗಳು ಸಾಲಾಗಿ ಬಂದು ಅಳುತ್ತಿದ್ದವು. ಇಲ್ಲಿ ಅಳುವ ಕೆಲಸವನ್ನು ಕೇಳುಗರಿಗೆ ಬಿಟ್ಟಿದ್ದಾರೆ. ಒಟ್ಟು ಸಂಗ್ರಹ ಹದಿನೈದು ಹಾಡುಗಳಿಗೆ ಬೆಳೆದದ್ದರಿಂದ ಕೊಂಚ ಉದ್ದವಾಗಿದೆ, ಆದರೆ ತೆಗೆಯಲೇಬೇಕಾದವು ಎರಡು ಮೂರಕ್ಕಿಂತ ಹೆಚ್ಚಿಲ್ಲ.

ಪ್ಯಾರಿಸಿನ ಡಾಫ್ಟ್ ಪಂಕ್ ಜೋಡಿಯ ‘ರ‍್ಯಾಂಡಮ್ ಆ್ಯಕ್ಸೆಸ್ ಮೆಮೊರೀಸ್’ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಿಕ್ಕಿಲ್ಲ. 2013ರ ಈ ಆಲ್ಬಂ ಮರುವರ್ಷ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಧ್ವನಿಮುದ್ರಣದ ಗುಣಮಟ್ಟದಲ್ಲಿ ಇದಕ್ಕೆ ಸಮನಾದವು ವಿರಳ; ನೈಲ್ ರಾಡ್ಜರ್ಸ್ ಅವರ ಗಿಟಾರ್ ಕೈಗೆ ಸಿಗುವಷ್ಟು ಹತ್ತಿರ ಕೇಳಿಸುತ್ತದೆ. ಆದರೂ ಒಂದು ಗಂಟೆ ಹದಿನಾಲ್ಕು ನಿಮಿಷಗಳ ಈ ಆಲ್ಬಂ ತನ್ನ ಸಿರಿವಂತಿಕೆಯನ್ನು ತಾನೇ ಮೆಚ್ಚಿಕೊಳ್ಳುತ್ತ ಕೂರುತ್ತದೆ. ಮೊರೊಡರ್ ತಮ್ಮ ಕಥೆ ಹೇಳುವ ಒಂಬತ್ತು ನಿಮಿಷಗಳ ಹಾಡು ಮೊದಲ ಸಲ ರೋಮಾಂಚನ ತರುತ್ತದೆ, ಆಮೇಲೆ ಮಾತು ಮುಗಿದು ಬೀಟು ಬರಲಿ ಎನಿಸುತ್ತದೆ. ಅವರದೇ 2001ರ ‘ಡಿಸ್ಕವರಿ’ ಹಳೆಯ ಡಿಸ್ಕೊ ತುಣುಕುಗಳನ್ನು ಕತ್ತರಿಸಿ, ಹೊಲಿದು, ಇದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತ್ತು.

ಇಲ್ಲೊಂದು ಮಾತನ್ನು ಸೇರಿಸಬೇಕು. ನಮ್ಮ ತೋಟದಾಚೆಯ ಒಂದು ಹೋಂಸ್ಟೇಯಲ್ಲಿ ವಾರಾಂತ್ಯದ ರಾತ್ರಿ ಹಾಕುವ ಡಿಜೆ ಸಂಗೀತ ಕಣಿವೆ ದಾಟಿ ಬರುವಾಗ ಅದರಲ್ಲಿ ಉಳಿದಿರುವುದು ಬೇಸಿನ ಗುದ್ದು ಮಾತ್ರ. ಸದ್ದು ಏರುತ್ತ ಏರುತ್ತ ಹೋಗಿ ಧೊಪ್ಪೆಂದು ಬೀಳುವ ಆ ಒಂದೇ ತಂತ್ರವನ್ನು ರಾತ್ರಿಯಿಡೀ ಕೇಳಿದವರು ಇಡೀ ಪ್ರಕಾರವನ್ನೇ ದ್ವೇಷಿಸಿದರೆ ಆಶ್ಚರ್ಯವಿಲ್ಲ. ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿ ಕಿಟಕಿಯ ಗಾಜು ನಡುಗುವುದನ್ನು ಸಹಿಸುತ್ತೇವೆ, ಅದು ವರ್ಷಕ್ಕೊಂದು ರಾತ್ರಿ. ಮೇಲೆ ಹೇಳಿದ ಆಲ್ಬಂಗಳಿಗೆ ಅಂಥ ಜೋರು ಬೇಕಿಲ್ಲ. ಕರೆಂಟು ಹೋದಾಗ ಬ್ಯಾಟರಿಯಲ್ಲಿ ನಡೆಯುವ ಸಾಧಾರಣ ಬ್ಲೂಟೂತ್ ಸ್ಪೀಕರನ್ನು ಗೋಡೆಯ ಮೂಲೆಗೆ ಒತ್ತಿಟ್ಟರೆ ಬೇಸ್ ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ. ನೆಟ್‌ವರ್ಕ್ ಕೈಕೊಡುವ ತಿಂಗಳುಗಳಿಗಾಗಿ ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇತ್ತೀಚಿನವುಗಳಲ್ಲಿ ಬ್ರಿಟನ್ನಿನ ಗಾಯಕಿ ಡುವಾ ಲಿಪಾ ಅವರ ‘ಫ್ಯೂಚರ್ ನಾಸ್ಟಾಲ್ಜಿಯಾ’ ಬಂದದ್ದು 2020ರ ಮಾರ್ಚ್ 27ರಂದು, ಅಂದರೆ ನಮ್ಮಲ್ಲಿ ಲಾಕ್‌ಡೌನ್ ಶುರುವಾದ ಎರಡೇ ದಿನಕ್ಕೆ. ಮದುವೆಗಳೆಲ್ಲ ಮುಂದಕ್ಕೆ ಹೋಗಿ ಕುಣಿಯಲು ಎಲ್ಲೂ ಜಾಗವಿಲ್ಲದಿದ್ದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೇಳಿಯೇ ಗೆದ್ದ ಡಾನ್ಸ್ ಆಲ್ಬಂ ಅದು. ‘ಲೆವಿಟೇಟಿಂಗ್’ ಹಾಡನ್ನು ಈಗ ಮದುವೆ ರಿಸೆಪ್ಷನ್‌ಗಳಲ್ಲೂ ಕೇಳಬಹುದು. ನಾನು ಹೇಳುವುದು ‘ಪ್ರಿಟಿ ಪ್ಲೀಸ್’ ಕೇಳಿ ಎಂದು. ಬಹುಪಾಲು ಬೇಸ್ ಮತ್ತು ಕಂಠ ಇವೆರಡರ ಮೇಲೆಯೇ ನಡೆಯುವ ಆ ಹಾಡು ಉಳಿದವುಗಳಿಗಿಂತ ಕಡಿಮೆ ಬೇಡುತ್ತದೆ, ಹೆಚ್ಚು ಕಾಲ ಉಳಿಯುತ್ತದೆ. ‘ಲವ್ ಅಗೇನ್’ ಹಾಡಿನಲ್ಲಿ 1932ರ ಧ್ವನಿಮುದ್ರಣವೊಂದರ ಟ್ರಂಪೆಟ್ ತುಣುಕನ್ನು ಚೆನ್ನಾಗಿ ಬಳಸಿದ್ದಾರೆ. ಹನ್ನೊಂದು ಹಾಡುಗಳಲ್ಲಿ ಕೊನೆಯ ಎರಡು ಮಾತ್ರ ಬೇರೆ ಯಾವುದೋ ಆಲ್ಬಮಿನಿಂದ ತಪ್ಪಿ ಬಂದಂತಿವೆ. ಮುಕ್ತಾಯದ ಹಾಡು ಎತ್ತಿಕೊಂಡ ವಿಷಯ ನ್ಯಾಯವಾದದ್ದೇ, ಆದರೆ ಅಲ್ಲಿಯವರೆಗೆ ಕುಣಿದ ಕಾಲುಗಳನ್ನು ಅದು ಸಭೆಯಲ್ಲಿ ಕೂರಿಸಿಬಿಡುತ್ತದೆ. ಒಂಬತ್ತನೆಯ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಬೇಕಿದ್ದರೆ ಮತ್ತೆ ಮೊದಲಿನಿಂದ ಹಾಕಿಕೊಳ್ಳಿ.